ಆರೋನಿಯನ್–ಆನಂದ್, ವೈಕ್ ಆನ್ ಜೇ 2013: ಬಿ7ರ ಒಂಟೆಯನ್ನು ಯಾರೂ ಯಾಕೆ ನೋಡ್ತಿಲ್ಲ?

ಮೂಲೆಯಿಂದ_ಮೂಲೆಗೆ

ಈ ಚೆಸ್ ಆಟದ ಮಾತು ಬಂದಾಗಲೆಲ್ಲ ಎರಡೇ ನಡೆಗಳಿಗೆ ಚಪ್ಪಾಳೆ. ಆನಂದ್ ಅವರ 15ನೇ ನಡೆ ಒಂಟೆ-ಸಿ5, 16ನೇ ನಡೆ ಕುದುರೆ-ಇ5 (ಬೋರ್ಡ್‌ನ ಮನೆಗಳಿಗೆ ಬಿಳಿ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎ–ಎಚ್ ಅಕ್ಷರ, ಕೆಳಗಿನಿಂದ ಮೇಲಕ್ಕೆ 1–8 ಸಂಖ್ಯೆ). ಚಪ್ಪಾಳೆ ತಪ್ಪಲ್ಲ. ಆದರೆ ನಿನ್ನೆ ರಾತ್ರಿ ಎಂಜಿನ್ (ನಡೆಗಳ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಆಫ್ ಮಾಡಿ, ಮರದ ಬೋರ್ಡ್ ಮೇಲೆ ಕಾಯಿ ಜೋಡಿಸಿಕೊಂಡು ಮತ್ತೆ ಆಡಿ ನೋಡಿದೆ. ನನಗೆ ಕಂಡಿದ್ದೇ ಬೇರೆ.

10ನೇ ನಡೆಯಲ್ಲಿ ಬಿ7ಗೆ ಬಂದ ಕಪ್ಪು ಒಂಟೆ ಆಟ ಮುಗಿಯುವವರೆಗೆ ಅಲ್ಲಿಂದ ಕದಲಲಿಲ್ಲ. ಒಂದು ಕಾಯಿಯನ್ನೂ ಹೊಡೆಯಲಿಲ್ಲ, ಒಂದು ಚೆಕ್ಕೂ ಕೊಡಲಿಲ್ಲ. ಆದರೂ ಆರೋನಿಯನ್ ಸೋತಿದ್ದು ಅದರಿಂದಲೇ ಅಂತ ನನ್ನ ವಾದ.

ಗೊತ್ತಿಲ್ಲದವರಿಗೆ: ಇದು 2013ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೇಯಲ್ಲಿ ನಡೆದ ಟಾಟಾ ಸ್ಟೀಲ್ ಟೂರ್ನಿಯ 4ನೇ ಸುತ್ತು. ಬಿಳಿ ಲೆವೊನ್ ಆರೋನಿಯನ್, ಕಪ್ಪು ಆಗಿನ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್. ಒಟ್ಟು 23 ನಡೆ, ಅಷ್ಟೇ. (ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಸಂಖ್ಯೆಯ ಮುಂದೆ ಮೂರು ಚುಕ್ಕಿ ಇದ್ದರೆ ಅದು ಕಪ್ಪಿನ ನಡೆ. ಕಾಯಿಯ ಹೆಸರಿಲ್ಲದಿದ್ದರೆ ಕಾಲಾಳು. × ಅಂದರೆ ಹೊಡೆತ, + ಅಂದರೆ ಚೆಕ್, ! ಅಂದರೆ ಒಳ್ಳೆಯ ನಡೆ, 0-0 ಅಂದರೆ ಕ್ಯಾಸ್ಲಿಂಗ್.)

1. ಡಿ4 ಡಿ5 2. ಸಿ4 ಸಿ6 3. ಕುದುರೆ-ಎಫ್3 ಕುದುರೆ-ಎಫ್6 4. ಕುದುರೆ-ಸಿ3 ಇ6 5. ಇ3 ಕುದುರೆ(ಬಿ)-ಡಿ7 6. ಒಂಟೆ-ಡಿ3 ಡಿ×ಸಿ4 7. ಒಂಟೆ×ಸಿ4 ಬಿ5 8. ಒಂಟೆ-ಡಿ3 ಒಂಟೆ-ಡಿ6 9. 0-0 0-0 10. ರಾಣಿ-ಸಿ2 ಒಂಟೆ-ಬಿ7 11. ಎ3 ಆನೆ-ಸಿ8 12. ಕುದುರೆ-ಜಿ5 ಸಿ5 13. ಕುದುರೆ×ಎಚ್7 ಕುದುರೆ-ಜಿ4 14. ಎಫ್4 ಸಿ×ಡಿ4 15. ಇ×ಡಿ4 ಒಂಟೆ-ಸಿ5 16. ಒಂಟೆ-ಇ2 ಕುದುರೆ(ಡಿ)-ಇ5 17. ಒಂಟೆ×ಜಿ4 ಒಂಟೆ×ಡಿ4+ 18. ರಾಜ-ಎಚ್1 ಕುದುರೆ×ಜಿ4 19. ಕುದುರೆ×ಎಫ್8 ಎಫ್5 20. ಕುದುರೆ-ಜಿ6 ರಾಣಿ-ಎಫ್6 21. ಎಚ್3 ರಾಣಿ×ಜಿ6 22. ರಾಣಿ-ಇ2 ರಾಣಿ-ಎಚ್5 23. ರಾಣಿ-ಡಿ3 ಒಂಟೆ-ಇ3. ಬಿಳಿ ಶರಣು.

ಈಗ 11ನೇ ನಡೆಯ ಹತ್ತಿರ ನಿಲ್ಲಿ. ಬಿ7ರ ಒಂಟೆಗೆ ಎರಡು ಬಾಗಿಲು ಮುಚ್ಚಿವೆ. ಸಿ6ನಲ್ಲಿ ತನ್ನದೇ ಕಾಲಾಳು. ಎಫ್3ನಲ್ಲಿ ಎದುರಾಳಿಯ ಕುದುರೆ. ಆರೋನಿಯನ್ 12ನೇ ನಡೆಯಲ್ಲಿ ಎಫ್3ರ ಕುದುರೆಯನ್ನು ಜಿ5ಗೆ ಕಳಿಸಿದರು. ಒಂದು ಬಾಗಿಲು ಅವರೇ ತೆಗೆದರು. ಆನಂದ್ ತಕ್ಷಣ ಸಿ5 ತಳ್ಳಿ ಇನ್ನೊಂದನ್ನು ತೆಗೆದರು. ಈಗ ಬಿ7ರಿಂದ ಜಿ2ರ ಕಾಲಾಳಿನ ತನಕ ದಾರಿ ಪೂರ್ತಿ ಖಾಲಿ. ಬಿಳಿ ರಾಜ ಎಚ್1ಗೆ ಸರಿದ ಕ್ಷಣ ಆ ಜಿ2 ಕಾಲಾಳು ಪಿನ್, ಅಂದರೆ ಅದು ಕದಲಿದರೆ ಹಿಂದಿರುವ ರಾಜನಿಗೆ ಚೆಕ್. ಅದು ಹೊಡೆಯುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ.

ಮುಂದೆ ನಡೆದಿದ್ದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಹೊಸ_ಕಾಲಾಳು

ನಾನು ಆಟ ಶುರು ಮಾಡಿ ಒಂದು ವರ್ಷ ಆಯ್ತು, ದಡ್ಡ ಪ್ರಶ್ನೆ ಆದರೆ ಕ್ಷಮಿಸಿ. 13ರಲ್ಲಿ ಬಿಳಿ ಕುದುರೆ ಎಚ್7 ಹೊಡೀತು. ಎಫ್6ರ ಕುದುರೆಯಿಂದ ಅದನ್ನು ವಾಪಸ್ ಹೊಡೆಯೋದು ಬಿಟ್ಟು ಆನಂದ್ ಜಿ4ಗೆ ಯಾಕೆ ಹೋದರು? ಎಫ್8ರ ಆನೆ ಸುಮ್ನೆ ಹೋಗ್ತಿದೆ ಅಲ್ವಾ?

ಅರ್ಧ_ಪಾಯಿಂಟ್

ದಡ್ಡ ಪ್ರಶ್ನೆ ಅಲ್ಲ. ಆ ಜಾಗದಲ್ಲಿ ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನ ವಾಪಸ್ ಹೊಡೀತಾ ಇದ್ದೆವು.

13... ಕುದುರೆ×ಎಚ್7 14. ಒಂಟೆ×ಎಚ್7+ ರಾಜ-ಎಚ್8. ಒಂದು ಕಾಲಾಳು ಹೋಯ್ತು, ರಾಜನ ಮುಂದಿನ ಗೋಡೆಯಲ್ಲಿ ಒಂದು ಇಟ್ಟಿಗೆ ಹೋಯ್ತು. ಬದಲಿಗೆ ನಿಮಗೇನೂ ಬರಲಿಲ್ಲ.

13... ಕುದುರೆ-ಜಿ4 ಆದ ಮೇಲೆ ಬಿಳಿ ಆಸೆಗೆ ಬಿದ್ದು ಆನೆ ಹೊಡೆದರೆ ನೋಡಿ: 14. ಕುದುರೆ×ಎಫ್8 ಒಂಟೆ×ಎಚ್2+ 15. ರಾಜ-ಎಚ್1 ರಾಣಿ-ಎಚ್4. ಮುಂದಿನ ನಡೆಯಲ್ಲಿ ಒಂಟೆ-ಜಿ3 ಚೆಕ್, ರಾಜ-ಜಿ1, ರಾಣಿ-ಎಚ್2 ಮೇಟ್. ಬಿಳಿಗೆ ಜಿ3 ಅಂತ ಕಾಲಾಳು ತಳ್ಳಿ ತಪ್ಪಿಸಿಕೊಳ್ಳುವ ಆಸೆ ಇರುತ್ತೆ. ಆದರೆ ಜಿ2 ಪಿನ್ ಆಗಿದೆ, ಆ ನಡೆ ಆಡುವಂತೇ ಇಲ್ಲ. ಈ ವಿಷಯದಲ್ಲಿ ಈ ಚರ್ಚೆ ಶುರು ಮಾಡಿದವರು ಸರಿ.

ಎಫ್3ರ ಕುದುರೆ ಮೊದಲಿನ ಜಾಗದಲ್ಲೇ ಇದ್ದಿದ್ದರೆ ಇದ್ಯಾವುದೂ ಇಲ್ಲ. ಎಚ್2 ಕಾಯುತ್ತಿದ್ದದ್ದೂ ಅದೇ, ಎಚ್4 ಕಾಯುತ್ತಿದ್ದದ್ದೂ ಅದೇ.

ಹೊಸ_ಕಾಲಾಳು

ಓಹ್. ಆನೆ ಕೊಟ್ಟಿದ್ದಲ್ಲ, ಆನೆ ತಿನ್ನೋಕೆ ಅವರಿಗೆ ಸಮಯವೇ ಇಲ್ಲ. ಹಾಗಾದ್ರೆ ಎಚ್3 ಆಡಿ ಕುದುರೆಯನ್ನು ಓಡಿಸಬಹುದಿತ್ತಲ್ಲ?

ಅರ್ಧ_ಪಾಯಿಂಟ್

14. ಎಚ್3ಗೆ ಒಂಟೆ-ಎಚ್2+ 15. ರಾಜ-ಎಚ್1 ರಾಣಿ-ಎಚ್4. ಈಗ ರಾಣಿಗೆ ಎಚ್3 ಮೇಲೆ ಕಣ್ಣು. ಜಿ2ರ ಕಾಲಾಳು ಅದನ್ನು ಕಾಯುತ್ತಿರುವಂತೆ ಕಾಣುತ್ತೆ. ಕಾಯ್ತಿಲ್ಲ. ಮತ್ತೆ ಅದೇ ಪಿನ್.

ಮೂಲೆಯಿಂದ_ಮೂಲೆಗೆ

ಅದಕ್ಕೇ ಆರೋನಿಯನ್ ಎಫ್4 ಆಡಿ ಡಿ6ರ ಒಂಟೆಯ ದಾರಿ ಮುಚ್ಚಿದರು. ಒಳ್ಳೆಯ ನಡೆಯೇ. ಆದರೆ ಹಾಗೆ ಮಾಡಿದಾಗ ಎಫ್2 ಖಾಲಿ ಆಯ್ತು. ಆನಂದ್ ಡಿ4ರಲ್ಲಿ ಒಂದು ಕಾಲಾಳು ಬದಲಾಯಿಸಿಕೊಂಡಾಗ ಇ3ಯೂ ಖಾಲಿ. ಡಿ6ರ ಒಂಟೆ ಸಿ5ಗೆ ಸರಿದಿದ್ದು ಈ ಹೊಸ ದಾರಿ ಹಿಡಿಯೋಕೆ. ಈಗ ಎರಡು ಒಂಟೆಗಳೂ ಬಿಳಿ ರಾಜನ ಮನೆಯ ಕಡೆ ನೋಡ್ತಿವೆ, ಒಂದು ಜಿ1 ಕಡೆ, ಇನ್ನೊಂದು ಎಚ್1 ಕಡೆ.

16... ಕುದುರೆ-ಇ5 ಆದ ಮೇಲಿನ ಬೋರ್ಡನ್ನು ಒಂದು ನಿಮಿಷ ಸುಮ್ನೆ ನೋಡ್ತಾ ಕೂತ್ಕೊಳ್ಳಿ. ಕಪ್ಪಿನ ನಾಲ್ಕು ಕಾಯಿಗಳು ಒಟ್ಟಿಗೆ ಹೊಡೆತದ ಕೆಳಗಿವೆ. ಎಫ್8ರ ಆನೆಯನ್ನು ಕುದುರೆ ಹೊಡೆಯಬಹುದು. ಸಿ5ರ ಒಂಟೆಯನ್ನು ಡಿ4 ಕಾಲಾಳು. ಇ5ರ ಕುದುರೆಯನ್ನು ಎಫ್4 ಕಾಲಾಳು. ಜಿ4ರ ಕುದುರೆಯನ್ನು ಇ2ರ ಒಂಟೆ. ಯಾವುದನ್ನು ಹೊಡೀತೀರಿ?

ಎಫ್×ಇ5 ಆದರೆ 17... ರಾಣಿ×ಡಿ4+ 18. ರಾಜ-ಎಚ್1 ರಾಣಿ-ಜಿ1+! 19. ಆನೆ×ಜಿ1 ಕುದುರೆ-ಎಫ್2 ಮೇಟ್. ರಾಜ ತನ್ನದೇ ಕಾಯಿಗಳ ನಡುವೆ ಉಸಿರುಗಟ್ಟಿ ಸಾಯುತ್ತಾನೆ. ಡಿ×ಸಿ5 ಆದರೂ ಅದೇ ಕಥೆ: ರಾಣಿ-ಡಿ4+, ರಾಜ-ಎಚ್1, ರಾಣಿ-ಜಿ1+, ಆನೆ×ಜಿ1, ಕುದುರೆ-ಎಫ್2 ಮೇಟ್.

ಎಂಡ್‌ಗೇಮ್_ಪ್ರೇಮಿ

ಒಂದ್ನಿಮಿಷ. ಎರಡನೆಯದು ತಪ್ಪು.

17. ಡಿ×ಸಿ5 ಅಂದರೆ ಸಿ5ರ ಒಂಟೆ ಬೋರ್ಡ್ ಮೇಲೆ ಇಲ್ಲ. ಹಾಗಿದ್ದಾಗ ಜಿ1ಗೆ ಹೋದ ರಾಣಿಗೆ ಯಾರ ಬೆಂಬಲ? ರಾಜ ಸುಮ್ನೆ ಅದನ್ನು ತಿಂದು ಆರಾಮಾಗಿ ಕೂರುತ್ತಾನೆ. ಮೊದಲನೇ ದಾರಿಯಲ್ಲಿ ಅದು ನಡೆಯೋದು ಸಿ5ರ ಒಂಟೆ ಹಿಂದಿನಿಂದ ಜಿ1 ಕಾಯ್ತಾ ಇರೋದರಿಂದ.

ಸರಿಯಾದ ದಾರಿ ಇನ್ನೂ ಉದ್ದ: 17. ಡಿ×ಸಿ5 ರಾಣಿ-ಡಿ4+ 18. ರಾಜ-ಎಚ್1 ಕುದುರೆ-ಎಫ್2+. ಈಗ ರಾಜ ಜಿ1ಗೆ ಹೋದರೆ ಕುದುರೆ-ಎಚ್3, ಕುದುರೆಯಿಂದಲೂ ಚೆಕ್, ರಾಣಿಯಿಂದಲೂ ಚೆಕ್. 20. ರಾಜ-ಎಚ್1 ರಾಣಿ-ಜಿ1+ 21. ಆನೆ×ಜಿ1 ಕುದುರೆ-ಎಫ್2 ಮೇಟ್. ಇಲ್ಲಿ ಜಿ1ರ ರಾಣಿಯನ್ನು ಕಾಯೋದು ಎಚ್3ರ ಕುದುರೆ. 19ರಲ್ಲಿ ಆನೆಯಿಂದ ಎಫ್2 ಹೊಡೆದರೆ ರಾಣಿ×ಎಫ್2, ಮುಂದೆ ಜಿ2ರಲ್ಲಿ ಮೇಟ್ ಬೆದರಿಕೆ. ಬಿ7ರ ಒಂಟೆ ಬೆಂಬಲಕ್ಕಿದೆ, ಇದನ್ನು ನಿಮ್ಮ ಖಾತೆಗೆ ಹಾಕಿಕೊಳ್ಳಿ.

ಮೂಲೆಯಿಂದ_ಮೂಲೆಗೆ

ಹೌದು, ತಪ್ಪಾಯ್ತು. ಬೋರ್ಡ್ ಮೇಲೆ ಆಡಿ ನೋಡದೆ ತಲೆಯಲ್ಲೇ ಬರೆದುಬಿಟ್ಟೆ. ತಿದ್ದಲ್ಲ, ಹಾಗೇ ಇರಲಿ, ನಿಮ್ಮ ಉತ್ತರಕ್ಕೆ ಅರ್ಥ ಇರಬೇಕಲ್ಲ.

ಅಂದ ಹಾಗೆ ಡಿ4ರ ಕಾಲಾಳಿನಿಂದ ಇ5 ಹೊಡೆಯೋಕೆ ಬರೋದೇ ಇಲ್ಲ. ಅದೂ ಸಿ5ರ ಒಂಟೆಯಿಂದ ಪಿನ್.

ಎಂಡ್‌ಗೇಮ್_ಪ್ರೇಮಿ

ಬಂದ ಮೇಲೆ ನನ್ನ ತಕರಾರು ಹೇಳಿಬಿಡ್ತೀನಿ. ಇದನ್ನು ದಾಳಿಯ ಆಟ ಅಂತ ಇಷ್ಟು ಹೊಗಳೋದು ನನಗೆ ಸ್ವಲ್ಪ ಜಾಸ್ತಿ ಅನಿಸುತ್ತೆ. 2012ರಲ್ಲಿ ಮಾಸ್ಕೋದಲ್ಲಿ ಗೆಲ್ಫಾಂಡ್ ವಿರುದ್ಧ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಮಾಡಿಕೊಂಡಿದ್ದ ತಯಾರಿ ಇದರ ಹಿಂದೆ ಇತ್ತು ಅಂತ ಆನಂದ್ ಅವರೇ ಆಟದ ನಂತರ ಹೇಳಿದ್ದಾರೆ. ಮನೆಯಲ್ಲಿ ತಂಡದ ಜೊತೆ ಕೂತು, ಎಂಜಿನ್ ಹಾಕಿ ಹುಡುಕಿದ ನಡೆ. ಬೋರ್ಡ್ ಮುಂದೆ ನೆನಪು ಮಾಡಿಕೊಂಡಿದ್ದು. ಧೈರ್ಯ ತೋರಿಸಿದ್ದು ಆರೋನಿಯನ್, ಪಾಪ ಅವರೇ ಸಿಕ್ಕಿಬಿದ್ದರು.

ಅರ್ಧ_ಪಾಯಿಂಟ್

ನೆನಪು ಅಂತ ಅಷ್ಟು ಹಗುರ ಮಾಡಬೇಡಿ. ಎಂಟು ತಿಂಗಳ ಹಿಂದಿನ ಪಂದ್ಯಕ್ಕೆ ಮಾಡಿಟ್ಟು, ಅಲ್ಲಿ ಬಳಕೆಗೆ ಬಾರದೆ ಉಳಿದಿದ್ದು ಅದು. ಆ ಪಂದ್ಯ 12 ಆಟ ಮುಗಿದಾಗ 6–6 ಆಗಿ, ಕಡಿಮೆ ಸಮಯದ ರ‍್ಯಾಪಿಡ್‌ನಲ್ಲಿ ತೀರ್ಮಾನ ಆಗಿದ್ದು. ಇಂಥ ನೂರಾರು ದಾರಿಗಳ ನಡುವೆ ಯಾವುದು ಯಾವ ಕ್ರಮದಲ್ಲಿ ಬರುತ್ತೆ ಅಂತ ಎದುರಾಳಿ ಕೂತಿರುವಾಗ ಹೆಕ್ಕಿ ತೆಗೆಯಬೇಕು. ನಾನು ಕಳೆದ ಟೂರ್ನಿಯಲ್ಲಿ ಹಿಂದಿನ ರಾತ್ರಿ ಓದಿದ್ದನ್ನೇ ಮರುದಿನ ಎರಡು ನಡೆ ಅದಲುಬದಲು ಮಾಡಿ 14ನೇ ನಡೆಗೆ ಕುದುರೆ ಕಳೆದುಕೊಂಡೆ.

ಇನ್ನೊಂದು. ಆರೋನಿಯನ್ ಸುಮ್ನೆ ಯಾರೋ ಅಲ್ಲ, ಆಗ ರೇಟಿಂಗ್‌ನಲ್ಲಿ 2800 ದಾಟಿದ್ದ ಆಟಗಾರ. ಇಂಥವರ ವಿರುದ್ಧ ಕಪ್ಪು ಕಾಯಿಯಲ್ಲಿ 23 ನಡೆಗೆ ಮುಗಿಸೋದು ಬರೀ ಕಂಠಪಾಠದಿಂದ ಆಗಲ್ಲ.

ಮೂಲೆಯಿಂದ_ಮೂಲೆಗೆ

ನನಗೆ ತಯಾರಿ, ನೆನಪು ಅನ್ನೋ ಜಗಳ ಬೇಡ. 19... ಎಫ್5 ನೋಡಿ. ಈ ಆಟದಲ್ಲಿ ನನಗೆ ಅತಿ ಇಷ್ಟವಾದ ನಡೆ ಅದು, ಒಂದು ಸಾಧಾರಣ ಕಾಲಾಳಿನ ನಡೆ.

ಆಗ ಲೆಕ್ಕ ಹೀಗಿದೆ. ಬಿಳಿ ಈಗಷ್ಟೇ ಆನೆ ತಿಂದಿದೆ. ಅದರ ಕುದುರೆ ಎಫ್8ರಲ್ಲಿ, ಕಪ್ಪು ರಾಜನ ಪಕ್ಕದಲ್ಲೇ, ಬಾಯಿಗೆ ಸಿಗುವ ಹಾಗೆ ನಿಂತಿದೆ. ಕೈ ತಾನಾಗಿ ಅದರ ಕಡೆ ಹೋಗುತ್ತೆ. ಇಲ್ಲದಿದ್ದರೆ ರಾಣಿ-ಎಚ್4 ಕಡೆ ಹೋಗುತ್ತೆ, ಎಚ್2ರಲ್ಲಿ ಮೇಟ್ ಕಾಣ್ತಿದೆಯಲ್ಲ!

ಎರಡಕ್ಕೂ ಒಂದೇ ಉತ್ತರ, ಬಿಳಿ ರಾಣಿ-ಎಚ್7. 19... ರಾಣಿ-ಎಚ್4 20. ರಾಣಿ-ಎಚ್7+ ರಾಣಿ×ಎಚ್7 21. ಕುದುರೆ×ಎಚ್7. ರಾಣಿಗಳು ಹೋದವು, ದಾಳಿಯ ಕಾವೂ ಹೋಯ್ತು. ಸಿ2ರಿಂದ ಎಚ್7ಗೆ ಇರುವ ಆ ಕರ್ಣದ ಮೇಲೆ ಬಿಳಿ ರಾಣಿ ಮೊದಲಿಂದಲೂ ಕೂತಿದೆ. ಎಫ್5 ಆ ದಾರಿಗೆ ಅಡ್ಡಗೋಡೆ ಕಟ್ಟಿತು. ಜೊತೆಗೆ ಜಿ4ರ ಕುದುರೆಗೆ ಬೆಂಬಲ. ತಿನ್ನಬೇಕಾದ ಕುದುರೆ ಎಲ್ಲೂ ಓಡಿಹೋಗಲ್ಲ, ಆಮೇಲೆ ನೋಡೋಣ ಅನ್ನೋ ತಾಳ್ಮೆ.

ಹೊಸ_ಕಾಲಾಳು

ಆ ಬಿಳಿ ಕುದುರೆ ಓಡಿಹೋಗುವಾಗ ಇ6ರ ಕಾಲಾಳನ್ನಾದರೂ ತಿಂದು ಹೋಗಬಹುದಿತ್ತಲ್ಲ? ಡಿ4ರ ಒಂಟೆ ಮೇಲೂ ಹೊಡೆತ ಬೀಳ್ತಿತ್ತು. ಜಿ6ಗೆ ಯಾಕೆ ಹೋಯ್ತು, ಅಲ್ಲಿ ಸತ್ತೇ ಹೋಯ್ತಲ್ಲ?

ಎಂಡ್‌ಗೇಮ್_ಪ್ರೇಮಿ

ಒಳ್ಳೆಯ ಪ್ರಶ್ನೆ. 20. ಕುದುರೆ×ಇ6 ರಾಣಿ-ಎಚ್4, ಅಲ್ಲಿಗೆ ಮುಗೀತು. ಎಚ್2 ಕಾಯೋಕೆ ಯಾರೂ ಇಲ್ಲ. 21. ಎಚ್3 ಆಡಿದರೆ ರಾಣಿ×ಎಚ್3 ಮೇಟ್, ಯಾಕಂದ್ರೆ ಜಿ2... (ಸರಿ ಸರಿ, ಪಿನ್.) ಜಿ1 ಕಡೆ ಓಡೋಕೆ ಡಿ4ರ ಒಂಟೆ ಬಿಡಲ್ಲ.

ಜಿ6ರಿಂದ ಕುದುರೆ ಎಚ್4 ಕಾಯುತ್ತೆ. ಅದೊಂದೇ ಕಾರಣ. ಸಾಯ್ತೀನಿ ಅಂತ ಗೊತ್ತಿದ್ದೇ ಹೋದ ಕುದುರೆ.

ಹೊಸ_ಕಾಲಾಳು

ಈಗ ನನಗೂ ಆ ಒಂಟೆ ಕಾಣೋಕೆ ಶುರು ಆಯ್ತು.

ಹಳೇ_ಸ್ಕೋರ್‌ಶೀಟ್

ತಡವಾಗಿ ಬಂದೆ. ರೂಬಿನ್‌ಸ್ಟೈನ್ ಹೆಸರು ಇನ್ನೂ ಯಾರೂ ತೆಗೆದಿಲ್ಲವೇ? ರೊಟ್ಲೆವಿ–ರೂಬಿನ್‌ಸ್ಟೈನ್, ಲೋಡ್ಜ್, 1907. ಕಪ್ಪಿನ ಒಂಟೆಗಳು ಬಿ7ರಲ್ಲಿ, ಬಿ6ರಲ್ಲಿ. ಕುದುರೆ ಜಿ4ರಲ್ಲಿ. ಆನೆ ಸಿ8ರಲ್ಲಿ. ಬಿಳಿ ರಾಜ ಎಚ್1ರಲ್ಲಿ. ಅದೇ ಚಿತ್ರ, ನೂರಕ್ಕೂ ಹೆಚ್ಚು ವರ್ಷ ಮೊದಲು.

ಆದರೆ ನಿಮ್ಮ ವಾದಕ್ಕೆ ಬೇಕಾದ ವ್ಯತ್ಯಾಸ ಒಂದು ಅಲ್ಲಿದೆ. ರೊಟ್ಲೆವಿ ಬಾಗಿಲು ಮುಚ್ಚಿದ್ದರು. 21ನೇ ನಡೆಯಲ್ಲಿ ಒಂಟೆಯನ್ನು ಇ4ಗೆ ತಂದು ಬಿ7ರ ದಾರಿಗೆ ಅಡ್ಡ ನಿಲ್ಲಿಸಿದರು. ಅದನ್ನು ಕಾಯುತ್ತಿದ್ದದ್ದು ಎರಡು ಕಾಯಿ, ಸಿ3ರ ಕುದುರೆ ಮತ್ತು ಇ2ರ ರಾಣಿ. ರೂಬಿನ್‌ಸ್ಟೈನ್ ಏನು ಮಾಡಿದರು? 21... ರಾಣಿ-ಎಚ್4 22. ಜಿ3 ಆನೆ×ಸಿ3! ರಾಣಿಯನ್ನು ಹೊಡೆತಕ್ಕೆ ಬಿಟ್ಟು ಮೊದಲ ಕಾವಲುಗಾರನನ್ನು ತೆಗೆದರು. 23. ಜಿ×ಎಚ್4 ಆನೆ-ಡಿ2! ಇನ್ನೊಂದು ಆನೆಯನ್ನು ಬಿಳಿ ರಾಣಿಯ ಬಾಯಿಗೆ ಇಟ್ಟು ಎರಡನೇ ಕಾವಲುಗಾರನನ್ನು ಎಳೆದರು. 24. ರಾಣಿ×ಡಿ2 ಒಂಟೆ×ಇ4+ 25. ರಾಣಿ-ಜಿ2 ಆನೆ-ಎಚ್3, ರೊಟ್ಲೆವಿ ಶರಣು. ಒಂದು ರಾಣಿ, ಒಂದು ಆನೆ ಖರ್ಚು ಮಾಡಿದ್ದು ಒಂದು ಬಾಗಿಲು ಒಡೆಯೋಕೆ. ಆನಂದ್‌ಗೆ ಆ ಖರ್ಚು ಬೀಳಲಿಲ್ಲ, ಬಾಗಿಲು ತೆರೆದೇ ಇತ್ತು.

ಇನ್ನೊಂದು ತಮಾಷೆ: ಆನಂದ್ ಆಡಿದ ಓಪನಿಂಗ್ (ಆರಂಭದ ನಡೆಗಳ ಕ್ರಮ) ಹೆಸರು ಮೆರಾನ್. ಇಟಲಿಯ ಆ ಊರಿನ ಹೆಸರು ಅದಕ್ಕೆ ಅಂಟಿದ್ದು 1924ರಲ್ಲಿ ಅಲ್ಲಿನ ಟೂರ್ನಿಯಲ್ಲಿ ಇದನ್ನು ಗ್ರುನ್‌ಫೆಲ್ಡ್ ವಿರುದ್ಧ ಆಡಿ ಗೆದ್ದವರಿಂದ. ಗೆದ್ದಿದ್ದು ಯಾರು? ಇದೇ ರೂಬಿನ್‌ಸ್ಟೈನ್.

ಮೂಲೆಯಿಂದ_ಮೂಲೆಗೆ

ಇದು ನನಗೆ ಹೊಳೆದೇ ಇರಲಿಲ್ಲ! ಆನೆ×ಸಿ3 ಬರೀ ಚಂದಕ್ಕೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ಅರ್ಧ_ಪಾಯಿಂಟ್

ಹಾಗಾದರೆ ಆರೋನಿಯನ್ 16ರಲ್ಲಿ ಇ2 ಬದಲು ಇ4ಗೆ ಒಂಟೆ ತಂದಿದ್ದರೆ? ರೊಟ್ಲೆವಿ ತರಹ ಬಾಗಿಲು ಮುಚ್ಚಿದಂತೆ. ಎಂಜಿನ್ ಮುಟ್ಟದೆ ಲೆಕ್ಕ ಹಾಕಿದೆ: 16. ಒಂಟೆ-ಇ4 ಒಂಟೆ×ಡಿ4+ 17. ರಾಜ-ಎಚ್1 ಒಂಟೆ×ಇ4. ಈಗ ಕುದುರೆಯಿಂದ ಇ4 ಹೊಡೆದರೆ ಸಿ ಸಾಲು ತೆರೆದು ಸಿ8ರ ಆನೆ ನೇರ ರಾಣಿಯನ್ನೇ ತಿನ್ನುತ್ತೆ. ಹಾಗಾಗಿ 18. ರಾಣಿ×ಇ4, ಅದಕ್ಕೆ ಕುದುರೆ-ಎಫ್2+, ರಾಜನಿಗೂ ರಾಣಿಗೂ ಒಟ್ಟಿಗೆ. 19. ಆನೆ×ಎಫ್2 ಒಂಟೆ×ಎಫ್2 20. ಕುದುರೆ×ಎಫ್8 ಕುದುರೆ×ಎಫ್8. ಎಣಿಸಿ ನೋಡಿ: ಎರಡೂ ಕಡೆ ರಾಣಿ, ಒಂದು ಆನೆ, ಒಂಟೆ, ಕುದುರೆ, ಐದು ಕಾಲಾಳು.

ನಡುವೆ ಕಪ್ಪಿಗೆ ಇನ್ನೂ ಚುರುಕಾದ ನಡೆ ಇರಬಹುದು. ಆದರೆ ಈ ದಾರಿಯಲ್ಲಿ ಬಿಳಿ ಬದುಕಿದೆ.

ಎಂಡ್‌ಗೇಮ್_ಪ್ರೇಮಿ

ಲೆಕ್ಕ ಸರಿ ಇದೆ. ನೋಡಿ, ಬದುಕಿದ್ದು ಬಿ7ರ ಒಂಟೆ ಬೋರ್ಡ್‌ನಿಂದ ಇಳಿದ ಮೇಲೆ. ನಾನು ಈ ಕಡೆ ವಾಲ್ತಾ ಇದ್ದೀನಿ, ಬೇಜಾರಾಗ್ತಿದೆ.

ಹಾಗೆ ನೋಡಿದರೆ ಆ ಟೂರ್ನಿ ಗೆದ್ದಿದ್ದು ಇವರಿಬ್ಬರೂ ಅಲ್ಲ, 13ಕ್ಕೆ 10 ಅಂಕ ಬಾಚಿಕೊಂಡ ಕಾರ್ಲ್‌ಸನ್. ಅವರ ಉದ್ದುದ್ದ ಎಂಡ್‌ಗೇಮ್‌ಗಳ ಬಗ್ಗೆ ಯಾರೂ ಹೀಗೆ ಚರ್ಚೆ ತೆಗೆಯಲ್ಲ.

ಹೊಸ_ಕಾಲಾಳು

ಕೊನೆಯದೊಂದು. 22... ರಾಣಿ-ಎಚ್5 ಆದ ಮೇಲೆ ಎಚ್3ರ ಕಾಲಾಳಿನಿಂದ ಜಿ4ರ ಕುದುರೆಯನ್ನು ಹೊಡೆದರೆ ಏನಾಗ್ತಿತ್ತು? ಆ ಕುದುರೆ ಇಲ್ಲದೆ ದಾಳಿಯೇ ಇಲ್ಲ ಅಲ್ವಾ?

ಮೂಲೆಯಿಂದ_ಮೂಲೆಗೆ

ಹೊಡೆಯೋಕೆ ಬರಲ್ಲ. ಎಚ್5ರ ರಾಣಿಯಿಂದ ಕೆಳಗೆ ನೋಡಿ: ಎಚ್4 ಖಾಲಿ, ಎಚ್3ರಲ್ಲಿ ಆ ಕಾಲಾಳು, ಎಚ್2 ಖಾಲಿ, ಎಚ್1ರಲ್ಲಿ ರಾಜ. ಎಚ್3 ಕಾಲಾಳೂ ಪಿನ್. ಜಿ2 ಕಾಲಾಳು ಓರೆಯಾಗಿ ಕಟ್ಟುಬಿದ್ದಿದೆ, ಎಚ್3 ನೇರ ಕಟ್ಟುಬಿದ್ದಿದೆ. ರಾಜನ ಮುಂದೆ ಎರಡು ಕಾಲಾಳು ನಿಂತಿವೆ, ಎರಡಕ್ಕೂ ಕೈ ಆಡಲ್ಲ.

ಬೆದರಿಕೆ ರಾಣಿ×ಎಚ್3 ಮೇಟ್. ಅದಕ್ಕೇ ಆರೋನಿಯನ್ ರಾಣಿಯನ್ನು ಡಿ3ಗೆ ತಂದು ಮೂರನೇ ಸಾಲಿನ ಉದ್ದಕ್ಕೂ ಎಚ್3 ಕಾದರು. ಆನಂದ್ ಆ ಸಾಲಿನ ನಡುವೆ, ಇ3ರಲ್ಲಿ, ಒಂಟೆ ತಂದಿಟ್ಟರು. ರಾಣಿಯಿಂದ ಹೊಡೆದರೆ ಕುದುರೆ ರಾಣಿಯನ್ನು ತಿನ್ನುತ್ತೆ. ಒಂಟೆಯಿಂದ ಹೊಡೆದರೆ ಬಿಳಿಯ ಒಂಟೆಯೇ ಅಡ್ಡ ನಿಲ್ಲುತ್ತೆ, ರಾಣಿ×ಎಚ್3+, ರಾಜ-ಜಿ1, ಆಮೇಲೆ ರಾಣಿ×ಜಿ2 ಮೇಟ್.

ಆ ಜಿ2 ಹೊಡೆತಕ್ಕೆ ಹಿಂದೆ ಬೆಂಬಲ ಕೊಡ್ತಿರೋದು ಯಾರು ಅಂತ ಈಗ ನೀವೇ ಹೇಳಿ.

ಹೊಸ_ಕಾಲಾಳು

ಬಿ7. :) ನಾಳೆ ಕ್ಲಬ್‌ನಲ್ಲಿ ಇದನ್ನೇ ಪ್ರಯತ್ನಿಸ್ತೀನಿ.

ಅರ್ಧ_ಪಾಯಿಂಟ್

ಸಿ6 ತೆಗೆಯೋದು ಮರೀಬೇಡಿ. ನಾನು ಮರೆತಿದ್ದೆ.